ಅವ್ವ ನೀಲಿ ನೀರಿಗೆ ಬಂದ ದಿನ

ವಾಡಿಯ ಹತ್ತಿರದ ಸುಣ್ಣಕಲ್ಲಿನ ಗಣಿಯೊಂದರಲ್ಲಿ ನೀರೆತ್ತುವ ಡೀಸೆಲ್ ಪಂಪುಗಳನ್ನು ನೋಡಿಕೊಳ್ಳುವುದು ಈಗ ನನ್ನ ಕೆಲಸ. ಅದಕ್ಕೂ ಮೊದಲು ಏಳು ವರ್ಷ ನಾನು ಬಂಗಾಳ ಕೊಲ್ಲಿಯಲ್ಲಿ, ಗಾಳ ಹಾಕಿ ಟ್ಯೂನಾ ಹಿಡಿಯುವ ಹವ್ಯಾಸದವರನ್ನು ಬಾಡಿಗೆಗೆ ಕರೆದುಕೊಂಡು ಹೋಗುವ ದೋಣಿಯಲ್ಲಿ ಇಂಜಿನ್ ಮಿಸ್ತ್ರಿಯಾಗಿದ್ದೆ ಎಂದರೆ ಇಲ್ಲಿ ಜೊತೆಗಿರುವವರು ಸುಲಭಕ್ಕೆ ನಂಬುವುದಿಲ್ಲ. ಸೇಡಂನ ಲಿಂಗವಂತರ ಮನೆಯವನು, ಮೊಟ್ಟೆಯನ್ನೂ ಮುಟ್ಟದವನು, ಮೀನಿನ ದೋಣಿ ಹತ್ತಿದ್ದು ಹೇಗೆ ಎಂದು ಕೇಳುತ್ತಾರೆ. ನಾನು ಇಂಜಿನ್ ಕೆಟ್ಟಿತ್ತು, ರಿಪೇರಿಗೆ ಹೋಗಿದ್ದೆ ಎನ್ನುತ್ತೇನೆ. ಅದು ನಿಜವೇ. ಆದರೆ ರಿಪೇರಿಗೆ ಎಂಟು ದಿನ ಸಾಕಿತ್ತು.

ಆಗ ನಾನು ತಾಂಡೂರಿನ ವರ್ಕ್‌ಶಾಪೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಶಹಾಬಾದ್ ಕಡೆಯ, ನೆಲಕ್ಕೆ ಹಾಸುವ ಬೂದು ಫರ್ಸಿ ಕಲ್ಲಿನ ಗಣಿಗಳ ಕಂಪ್ರೆಸರುಗಳು, ಹೊಲದ ಪಂಪುಗಳು, ಹಳೆಯ ಲಾರಿಗಳು ನಮ್ಮಲ್ಲಿಗೆ ಬರುತ್ತಿದ್ದವು. ಮಾಲೀಕರ ಸಂಬಂಧಿಯೊಬ್ಬರಿಗೆ ಮಚಲಿಪಟ್ಟಣದಲ್ಲಿ ದೋಣಿಯಿತ್ತು. ಅದರ ಇಂಜಿನ್ ಕೈಕೊಟ್ಟು, ಅಲ್ಲಿನ ಯಾರಿಗೂ ರೋಗ ಸಿಗದೆ, ಮಾಲೀಕರು ನನ್ನನ್ನು ಕಳಿಸಿದರು. ಇಂಜಿನ್ನಿನ ಜಾತಿ ಒಂದೇ. ಗಣಿಯಲ್ಲಿ ಅದು ಧೂಳು ಕುಡಿಯುತ್ತದೆ, ಅಲ್ಲಿ ಉಪ್ಪು. ಆರನೆಯ ದಿನ ಅದು ನನ್ನ ಕೈಯಲ್ಲಿ ಸ್ಟಾರ್ಟ್ ಆಯಿತು. ಪರೀಕ್ಷೆಗೆಂದು ಸಮುದ್ರಕ್ಕೆ ಒಯ್ದರು. ನಾನು ಅದುವರೆಗೆ ಸಮುದ್ರ ನೋಡಿರಲಿಲ್ಲ.

ದೋಣಿ ನಡೆಸುವವನನ್ನು ಅಲ್ಲಿ ಸರಂಗು ಎನ್ನುತ್ತಾರೆ. ನಮ್ಮ ಸರಂಗು ಐವತ್ತು ದಾಟಿದವರು, ಮಾಲೀಕರ ಆ ಸಂಬಂಧಿ, ದೋಣಿಯ ಒಡೆಯರೂ ಅವರೇ. ಮೊದಲು ಬಲೆ ಹಾಕುತ್ತಿದ್ದವರು, ಆಮೇಲೆ ಬೆಜವಾಡ, ಹೈದರಾಬಾದಿನಿಂದ ಗಾಳದ ಹುಚ್ಚಿಗೆ ಬರುವವರನ್ನು ಕೂರಿಸಿಕೊಂಡು ಹೋಗತೊಡಗಿದ್ದರು. ಮಾತು ಕಡಿಮೆ. ಆ ಪರೀಕ್ಷೆಯ ದಿನ ನಾನು ಇಂಜಿನ್ ಗುಂಡಿಯಿಂದ ತಲೆ ಎತ್ತಿದಾಗ ಅವರು ಬರೀ ಬೆರಳು ತೋರಿಸಿದರು. ನೀರಿನ ಮೇಲೆ ಒಂದು ಗೆರೆಯಿತ್ತು. ಈಚೆಗೆ ಹಸಿರು, ಆಚೆಗೆ ನೀಲಿ. ಯಾರೋ ಅಳತೆ ಹಿಡಿದು ಎಳೆದ ಹಾಗೆ. ಗೆರೆ ದಾಟಿದ ಸ್ವಲ್ಪ ಹೊತ್ತಿಗೆ ಆಳ ತೋರಿಸುವ ಯಂತ್ರದಲ್ಲಿ ಅಂಕಿಗಳು ಓಡತೊಡಗಿದವು: ಎಂಬತ್ತು ಮೀಟರ್, ನೂರೈವತ್ತು, ಮುನ್ನೂರು. ಆಮೇಲೆ ಅಂಕಿಯೇ ಇಲ್ಲ. ಕೆಳಗೆ ಕಣಿವೆ ಇದೆ ಎಂದರು ಸರಂಗು. ಕೃಷ್ಣೆ ಸಮುದ್ರ ಸೇರಿದ ಮೇಲೂ ಅದರ ತಳದಲ್ಲಿ ಅವಳ ದಾರಿ ಮುಂದುವರಿದಿದೆ, ನೀರಿನೊಳಗೇ ಬೆಟ್ಟ ಸೀಳಿದಂತೆ ಇಳಿಯುತ್ತದೆ, ಆ ಅಂಚಿನಲ್ಲಿ ತಳದ ತಣ್ಣನೆಯ ನೀರು ಮೇಲೇರುತ್ತದೆ, ಸಣ್ಣ ಮೀನುಗಳು ಕೂಡುತ್ತವೆ, ಅವುಗಳ ಬೆನ್ನು ಹತ್ತಿ ಟ್ಯೂನಾ ಬರುತ್ತದೆ ಎಂದು ವಿವರಿಸಿದರು. ಅಷ್ಟುದ್ದದ ಮಾತು ಅವರ ಬಾಯಿಂದ ಆಮೇಲೆ ನಾನು ಕೇಳಿದ್ದು ಕೆಲವೇ ಸಲ.

ಎಂಟನೆಯ ದಿನ ನಾನು ತಾಂಡೂರಿಗೆ ವಾಪಸಾಗಲಿಲ್ಲ. ಸರಂಗು ಇರು ಎನ್ನಲಿಲ್ಲ, ನಾನೂ ಇರುತ್ತೇನೆ ಎನ್ನಲಿಲ್ಲ. ಮರುದಿನ ಬೆಳಗಿನ ಉಬ್ಬರಕ್ಕೆ ದೋಣಿ ಹೊರಡುವಾಗ ನಾನು ಅದರಲ್ಲಿದ್ದೆ, ಅಷ್ಟೆ.

ಮನೆಗೆ ಮಾತ್ರ ಸುಳ್ಳು ಹೇಳಿದೆ. ಜನರನ್ನು ಸಾಗಿಸುವ ದೋಣಿಯ ಇಂಜಿನ್ ನೋಡಿಕೊಳ್ಳುತ್ತೇನೆ ಎಂದೆ. ಜನ ಇರುತ್ತಿದ್ದರು, ಇಂಜಿನ್ ಇತ್ತು, ಸಾಗುತ್ತಲೂ ಇದ್ದೆವು. ಮೀನಿನ ಮಾತೊಂದನ್ನೇ ತೆಗೆದಿದ್ದೆ. ಸೇಡಂನ ನಮ್ಮ ಮನೆಯಲ್ಲಿ ಅಣ್ಣ, ವೈನಿ, ಅವರ ಮೂರು ಮಕ್ಕಳು, ಮುಂದುಗಡೆ ಕಿರಾಣಿ ಅಂಗಡಿ. ಎಲ್ಲರ ನಡುವೆ ಅವ್ವ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಹಣದ ಗಲ್ಲೆಯ ಮೇಲೆ ಮಧ್ಯಾಹ್ನದ ಹೊತ್ತು ಅವಳೇ ಕೂಡುತ್ತಿದ್ದಳು. ಬೆಳಿಗ್ಗೆ ಮಿಂದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿಕೊಳ್ಳದೆ ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಅಂಥವಳಿಗೆ, ನಿನ್ನ ಮಗ ಉದ್ದನೆಯ ಕೊಕ್ಕೆಕೋಲು ಹಿಡಿದು ಮೀನನ್ನು ಚುಚ್ಚಿ ಮೇಲೆಳೆಯುತ್ತಾನೆ ಎಂದು ಯಾವ ಬಾಯಿಂದ ಹೇಳುವುದು?

ಏಕೆಂದರೆ ಅದು ಬರೀ ಇಂಜಿನ್ ನೋಡಿಕೊಂಡು ಕೂಡುವ ಕೆಲಸವಾಗಿ ಉಳಿದಿರಲಿಲ್ಲ. ನಮ್ಮದು ಸಣ್ಣ ದೋಣಿ, ಸರಂಗು ಮತ್ತು ನಾನು ಇಬ್ಬರೇ. ಗಿರಾಕಿ ಮೀನಿನ ಜೊತೆ ಎಳೆದಾಡುತ್ತಿದ್ದಾಗ ಸರಂಗು ಚುಕ್ಕಾಣಿ ಬಿಡುವಂತಿಲ್ಲ. ಮೀನು ದೋಣಿಯ ಮಗ್ಗುಲಿಗೆ ಬಂದಾಗ ಕೋಲು ಹಿಡಿಯುವುದು ನನ್ನ ಪಾಲಿಗೆ ಬಂತು. ಮೊದಲ ಸಲ ಕೋಲಿನ ಗುರಿ ತಪ್ಪಿತು, ಮೀನು ತಪ್ಪಿಸಿಕೊಂಡಿತು, ಗಿರಾಕಿ ಬೈದ. ಮೂರನೆಯ ಸಲಕ್ಕೆ ಗುರಿ ಸಿಕ್ಕಿತು. ಮೀನನ್ನು ನಾನು ಒಂದು ದಿನವೂ ತಿನ್ನಲಿಲ್ಲ. ಹಿಡಿದದ್ದರಲ್ಲಿ ಪಾಲು ಕೊಟ್ಟರೆ ಮನೆ ಬಾಡಿಗೆಗೆ ಕೊಟ್ಟ ಅಜ್ಜಿಗೆ ಒಯ್ದುಕೊಡುತ್ತಿದ್ದೆ. ತಿನ್ನದವನಿಗೆ ಹಿಡಿಯುವ ಆಸೆ ಯಾಕೆ ಎಂದು ನನಗೆ ನಾನೇ ಕೇಳಿಕೊಂಡದ್ದುಂಟು.

ಮೂರನೆಯ ಚಳಿಗಾಲ. ಸೇಡಂನಿಂದ ಹದಿನಾಲ್ಕು ಜನ ಶ್ರೀಶೈಲಕ್ಕೆ ಹೊರಟಿದ್ದರು, ಅವ್ವನೂ ಹೋಗಿದ್ದಳು. ದರ್ಶನ ಆಯಿತು ಎಂದು ಫೋನ್ ಬಂದ ಮರುದಿನ ಮಧ್ಯಾಹ್ನ ಮತ್ತೆ ಅವ್ವನದೇ ಫೋನ್; ನಮ್ಮ ಕಡೆ ಮಗನನ್ನೂ ತಮ್ಮಾ ಎನ್ನುತ್ತಾರೆ.

"ತಮ್ಮಾ, ನಾ ಬೆಜವಾಡದ ಬಸ್ ಸ್ಟ್ಯಾಂಡಿನಾಗ ನಿಂತೀನಿ. ನಿನ್ನ ಊರಿಗಿ ಹೋಗೂ ಬಸ್ ಎಲ್ಲಿ ನಿಲ್ತದ?"

ಜೊತೆಗೆ ಬಂದವರನ್ನೆಲ್ಲ ಊರ ಕಡೆ ಕಳಿಸಿ ಒಬ್ಬಳೇ ಬಂದಿದ್ದಳು. ಸೇಡಂ ಗಡಿಯ ತೆಲುಗು ಅವಳಿಗೆ ಅಷ್ಟಿಷ್ಟು ಬರುತ್ತಿತ್ತು, ಅದನ್ನೇ ನಂಬಿಕೊಂಡು. ನಾನು ಅವಳನ್ನು ಬಸ್ಸಿಳಿಸಿಕೊಂಡು ಕೋಣೆಗೆ ಕರೆತಂದೆ. ದಾರಿಯುದ್ದಕ್ಕೂ ಎರಡೂ ಬದಿಗೆ ಮೀನು ಒಣಗಲು ಹಾಕಿದ್ದರು. ಅವಳು ಸೆರಗನ್ನು ಮೂಗಿಗೆ ಹಿಡಿದು ನಡೆದಳು. ಕೋಣೆಯಲ್ಲಿ ನಾನು ಕೊಕ್ಕೆಕೋಲನ್ನು ಮಂಚದ ಕೆಳಗೆ ತಳ್ಳಿ, ಗಾಳಗಳ ಡಬ್ಬಿಯನ್ನು ಅಜ್ಜಿಯ ಮನೆಯಲ್ಲಿಟ್ಟು ಬಂದಿದ್ದೆ. ಆದರೆ ಸಂಜೆ ಸರಂಗು ತಾವಾಗಿಯೇ ಬಂದು, ಅಮ್ಮ ಬಂದಿದ್ದಾರೆ, ನಮ್ಮ ಮನೆಯಲ್ಲಿ ಚಹಾ ಆಗಲಿ ಎಂದು ಕರೆದೊಯ್ದರು. ಅವರ ಪಡಸಾಲೆಯ ಗೋಡೆಯ ಮೇಲೆ ಒಂದು ದೊಡ್ಡ ಫೋಟೊ. ನನ್ನ ಎದೆಯುದ್ದದ ಟ್ಯೂನಾ, ಅದರ ಬಾಲ ಹಿಡಿದು ಎತ್ತಿಕೊಂಡು ನಾನು. ಹಲ್ಲು ತೋರಿಸಿ ನಗುತ್ತಿದ್ದೇನೆ. ಬನಿಯನ್ ತುಂಬ ರಕ್ತ.

ಅವ್ವ ಚಹಾದ ಲೋಟ ಹಿಡಿದುಕೊಂಡೇ ಆ ಫೋಟೊದ ಮುಂದೆ ನಿಂತಳು. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಕೂತು ಚಹಾ ಕುಡಿದಳು, ಸರಂಗುವಿನ ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸಿದಳು. ಕೋಣೆಗೆ ಬಂದು ತಾನು ತಂದ ಗಂಟಿನಿಂದ ಜೋಳದ ಹಿಟ್ಟು ತೆಗೆದು ಸ್ಟವ್ ಮೇಲೆ ರೊಟ್ಟಿ ಬಡಿದಳು. ನನಗೆ ಶೇಂಗಾದ ಚಟ್ನಿಪುಡಿ, ನಮ್ಮ ಹಿಂಡಿ, ಹಚ್ಚಿ ಕೊಟ್ಟಳು. ತಾನು ಉಣ್ಣಲಿಲ್ಲ.

ನಾನು ಏನೇನೋ ಹೇಳಲು ಹೋದೆ. ಕೈ ಅಡ್ಡ ಮಾಡಿದಳು.

"ಸುಳ್ಳ ಯಾಕ ಹೇಳಿದಿ?"

"ನೀ ನೋಯ್ತಿ ಅಂತ, ಅವ್ವ."

"ಈಗ ನೊಂದಿಲ್ಲೇನು?" ಅಂದಳು. ಹಿಟ್ಟಿನ ಗಂಟು ಕಟ್ಟಿಟ್ಟು, "ನಾಳಿಗಿ ನನ್ನ ಕರ್ಕೊಂಡು ಹೋಗು. ನೀ ಏನು ಮಾಡ್ತಿ ಅನ್ನೂದು ನಾ ನನ್ನ ಕಣ್ಣಿಂದ ನೋಡಬೇಕು" ಅಂದಳು.

ಮರುದಿನಕ್ಕೆ ದೋಣಿಯನ್ನು ಹೈದರಾಬಾದಿನ ವಯಸ್ಸಾದ ಡಾಕ್ಟರೊಬ್ಬರು ಗೊತ್ತುಮಾಡಿದ್ದರು. ನಿವೃತ್ತರು, ಪ್ರತಿ ಚಳಿಗಾಲ ತಪ್ಪದೆ ಒಬ್ಬರೇ ಬರುವವರು. ಸರಂಗು ಅನುಮಾನಿಸುತ್ತಲೇ ಅವರನ್ನು ಕೇಳಿದರು. ಡಾಕ್ಟರು ಅವ್ವನನ್ನು ನೋಡಿ, ದೋಣಿಯಲ್ಲಿ ನನಗಿಂತ ಹಿರಿಯರು ಒಬ್ಬರಿದ್ದರೆ ಒಳ್ಳೆಯದೇ ಎಂದು ಉರ್ದುವಿನಲ್ಲಿ ಹೇಳಿ ನಕ್ಕರು. ಅವ್ವ ಅವರಿಗಿಂತ ಹತ್ತು ವರ್ಷ ಚಿಕ್ಕವಳಿದ್ದಳು, ಆದರೆ ತಿದ್ದಲಿಲ್ಲ.

ಬೆಳಕು ಹರಿಯುವ ಹೊತ್ತಿನ ಉಬ್ಬರಕ್ಕೆ ಹೊರಟೆವು. ಅಳಿವೆಯ ಬಾಯಲ್ಲಿ ಹೂಳು ತುಂಬಿದೆ, ಉಬ್ಬರ ಇಲ್ಲದಾಗ ದೋಣಿ ದಾಟುವುದಿಲ್ಲ. ಕಂದು ನೀರು, ಅದರಲ್ಲಿ ತೇಲುವ ಕಸಕಡ್ಡಿ. ಅವ್ವ ಹಿಂಬದಿಯ ಹಲಗೆಯ ಮೇಲೆ ಕಾಲು ಮಡಚಿ ಕೂತಳು. ಅವಳಿಗೆ ವಾಂತಿಯಾಗುತ್ತದೆ ಎಂದು ನಾನು ನಿಂಬೆಹಣ್ಣು, ಬಕೆಟ್ಟು ಎಲ್ಲ ಇಟ್ಟುಕೊಂಡಿದ್ದೆ. ಆಗಲಿಲ್ಲ. ನನಗೆ ಮೊದಲ ತಿಂಗಳೆಲ್ಲ ಆಗಿತ್ತು. ದಡ ಕಾಣದಂತಾದ ಮೇಲೆ ಅವಳು ಕೊರಳಿಗೆ ಕಟ್ಟಿದ ಲಿಂಗದ ವಸ್ತ್ರ ಬಿಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಳು. ಶ್ರೀಶೈಲದಿಂದ ತಂದ ನಾಲ್ಕು ಬಿಲ್ವದ ಎಲೆ ಸೆರಗಿನ ಗಂಟಿನಲ್ಲಿ ಬಾಡಿದ್ದವು. ದೋಣಿ ಏರಿಳಿಯುತ್ತಿತ್ತು, ಅವಳ ಅಂಗೈ ಅಲುಗಲಿಲ್ಲ. ಡಾಕ್ಟರು ಸಿಗರೇಟು ಹಚ್ಚಲು ತೆಗೆದವರು ಜೇಬಿಗೆ ಹಾಕಿಕೊಂಡರು. ಸರಂಗು ತಮಗೆ ತಾವೇ ವೇಗ ಕಡಿಮೆ ಮಾಡಿದರು.

ನೀಲಿಯ ಗೆರೆ ಬಂದಾಗ ನಾನು ತೋರಿಸಲಿಲ್ಲ, ಅವಳೇ ಎದ್ದು ನಿಂತಳು. ಆಚೆ ದಾಟಿದೆವು. ಯಂತ್ರದ ಮೇಲೆ ಅಂಕಿ ಓಡುವುದನ್ನು ನೋಡಿ ಅದೇನು ಎಂದು ಕೇಳಿದಳು. ಕೆಳಗಿನ ಕಣಿವೆಯ ವಿಷಯ ಹೇಳಿದೆ. ಚಿಂಚೋಳಿ ಕಾಡಿನಲ್ಲಿ ಗುಡ್ಡದ ನೆತ್ತಿಯಿಂದ ಕೆಳಗೆ ನೋಡುತ್ತೇವಲ್ಲ, ಹಾಗೆ ನಾವೀಗ ನಿಂತಿದ್ದೇವೆ, ಆದರೆ ಅದರ ಎಷ್ಟೋ ಪಟ್ಟು ಆಳ, ಕಣಿವೆಯ ತುಂಬ ನೀರು ಎಂದೆ. ಇದನ್ನು ಕೊರೆದದ್ದು ಕೃಷ್ಣೆ ಎಂದೂ ಹೇಳಿದೆ.

"ಹಂಗಾದ್ರ ನಮ್ಮ ಕಾಗಿಣಾ ನೀರು ಇಲ್ಲಿಗಿ ಬರ್ತದೇನು?"

ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಇಲ್ಲಿಗೆ ಎಂದೆ. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ತಾಗಿಸಿಕೊಂಡಳು. ಮುಖ ಕಿವುಚಿದಳು. "ಮಳಖೇಡದಾಗ ಸಕ್ಕರಿ ಹಂಗ ಇರ್ತದ. ಇಷ್ಟು ದೂರ ಬಂದು ಹಿಂಗ ಆಯ್ತಾ?" ಅಂದಳು. ಆದರೆ ಕೈ ಒರೆಸಿಕೊಳ್ಳಲಿಲ್ಲ. ಅದನ್ನು ನಾನು ಗಮನಿಸಿದೆ.

ಗಾಳದ ನಾಲ್ಕು ರಾಡುಗಳನ್ನು ಹಿಂದೆ ಕಟ್ಟಿ, ಬಣ್ಣದ ಹುಸಿಮೀನುಗಳನ್ನು ನೀರಿನಲ್ಲಿ ಎಳೆಯುತ್ತ ಕಣಿವೆಯ ಅಂಚಿನಗುಂಟ ಹೋಗುತ್ತಿದ್ದೆವು. ಗಂಟೆಗಟ್ಟಲೆ ಏನೂ ಇಲ್ಲ. ಡಾಕ್ಟರು ಅವ್ವನಿಗೆ ಮಂಡಿನೋವಿಗೆ ಏನು ಮಾಡಬೇಕೆಂದು ಹೇಳುತ್ತಿದ್ದರು. ದೂರದಲ್ಲಿ ಹಕ್ಕಿಗಳು ಒಂದೇ ಕಡೆ ಬೀಳತೊಡಗಿದವು. ಸರಂಗು ದೋಣಿ ತಿರುಗಿಸಿದರು. ಬಲಗಡೆಯ ರಾಡು ಬಿಲ್ಲಿನಂತೆ ಬಾಗಿತು, ನೂಲು ಸುತ್ತಿದ ರೀಲು ಕಿರುಚಿತು. ಡಾಕ್ಟರು ಓಡಿಹೋಗಿ ಹಿಡಿದರು. ನೂಲು ನೇರ ಕೆಳಕ್ಕೆ, ಕಣಿವೆಯೊಳಕ್ಕೆ ಹೋಗುತ್ತಿತ್ತು, ನಿಲ್ಲುವ ಲಕ್ಷಣವೇ ಇಲ್ಲ.

ಮುಕ್ಕಾಲು ಗಂಟೆ. ಎಳೆದಷ್ಟನ್ನೂ ಮೀನು ವಾಪಸು ಒಯ್ಯುತ್ತಿತ್ತು. ಡಾಕ್ಟರ ತೋಳುಗಳು ಸೋತಿದ್ದವು, ಅವರ ತಲೆಯ ಮೇಲೆ ನಾನು ನೀರು ಸುರಿದೆ. ಅವ್ವ ಅಲುಗದೆ ಆ ನೂಲು ನೀರಿಗೆ ತಾಗುವ ಜಾಗವನ್ನೇ ನೋಡುತ್ತಿದ್ದಳು. ಕೊನೆಗೆ ಮೀನು ದಣಿದು ಸುತ್ತು ಹಾಕುತ್ತ ಮೇಲೇಳತೊಡಗಿತು. ಬಹಳ ಕೆಳಗೆ ಮೊದಲು ಒಂದು ಬೆಳ್ಳನೆಯ ಮಿಂಚು. ಇನ್ನೊಂದು ಸುತ್ತು, ಬಂಗಾರದ ಗೆರೆ. ಮತ್ತೊಂದು ಸುತ್ತಿಗೆ ಪೂರ್ತಿ ಮೀನು: ಕಡುನೀಲಿ ಬೆನ್ನು, ಹಳದಿ ರೆಕ್ಕೆಗಳು, ದೊಡ್ಡ ಕಪ್ಪು ಕಣ್ಣು.

ನಾನು ಕೋಲು ತೆಗೆದುಕೊಂಡೆ. ಅವ್ವ ನನ್ನ ಹಿಂದೆ ಮೂರು ಮಾರು ದೂರದಲ್ಲಿದ್ದಳು. ಮೀನು ಮಗ್ಗುಲಿಗೆ ಬಂತು, ನನ್ನ ಕೈ ಏಳಲಿಲ್ಲ. ಸರಂಗು ನನ್ನ ಮುಖ ನೋಡಿದರು. ಮೀನು ಇನ್ನೊಂದು ಸುತ್ತು ಹಾಕಿ ಬಂತು. ಈ ಸಲ ನಾನು ಚುಚ್ಚಿದೆ. ನಾನೂ ಡಾಕ್ಟರೂ ಕೂಡಿ ಒಳಗೆಳೆದುಕೊಂಡೆವು. ಅದರ ಬಾಲ ಹಲಗೆಯ ಮೇಲೆ ಬಡಿದ ಸದ್ದಿಗೆ ಕಾಲಡಿ ಇಡೀ ದೋಣಿ ನಡುಗಿತು. ಆಮೇಲೆ ಬಡಿತ ನಿಧಾನವಾಯಿತು.

ಅವ್ವ ಎದ್ದು ಬಂದು ಅದರ ಪಕ್ಕ ಕೂತಳು. ಜೀವಮಾನದಲ್ಲಿ ಮೀನು ಮುಟ್ಟದವಳು ಅದರ ಬೆನ್ನ ಮೇಲೆ ಅಂಗೈ ಇಟ್ಟಳು. ಕೂಡಲೇ ತೆಗೆದು, ಮತ್ತೆ ಇಟ್ಟಳು.

"ಬಿಸಿ ಅದ" ಅಂದಳು. "ಆಕಳ ಕರುವಿನ ಮೈ ಇದ್ದಂಗ ಬಿಸಿ ಅದ."

ಬೇರೆ ಮೀನುಗಳಂತಲ್ಲ, ಟ್ಯೂನಾದ ನೆತ್ತರು ಬೆಚ್ಚಗಿರುತ್ತದೆ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಅವಳು ಕೇಳಿಸಿಕೊಂಡಳೋ ಇಲ್ಲವೋ. ತನ್ನ ಕುಡಿಯುವ ನೀರಿನ ಬಾಟಲಿ ತಂದು, ಸಾಯುವವರ ಬಾಯಿಗೆ ಬಿಡುವಂತೆ, ತೆರೆದು ಮುಚ್ಚುತ್ತಿದ್ದ ಆ ಬಾಯಿಗೆ ಒಂದೊಂದೇ ಹನಿ ನೀರು ಬಿಟ್ಟಳು. ಬಾಟಲಿಯಲ್ಲಿದ್ದದ್ದು ಶ್ರೀಶೈಲದಲ್ಲಿ ತುಂಬಿಸಿಕೊಂಡ ನೀರು. ಬೆನ್ನಿನ ನೀಲಿ ನಮ್ಮ ಕಣ್ಣ ಮುಂದೆಯೇ ಬೂದಿಯ ಬಣ್ಣಕ್ಕೆ ತಿರುಗಿತು. ಡಾಕ್ಟರು ಬೇರೆ ಕಡೆ ಮುಖ ಮಾಡಿ ಕೂತರು. ಉಳಿದ ಮೂರು ನೂಲುಗಳನ್ನು ಮತ್ತೆ ನೀರಿಗಿಳಿಸಲು ನಾನು ಹೋದಾಗ, ಇವತ್ತಿಗೆ ಇಷ್ಟು ಸಾಕು ಎಂದರು.

ವಾಪಸು ಹೊರಟು ಸ್ವಲ್ಪ ಹೊತ್ತಾಗಿತ್ತು. ಅವ್ವ ಸರಂಗುವನ್ನು ತನ್ನ ತೆಲುಗಿನಲ್ಲಿ, ಒಂದು ಗಳಿಗೆ ಇಂಜಿನ್ ನಿಲ್ಲಿಸುತ್ತೀರಾ ಎಂದು ಕೇಳಿದಳು. ನಡುನೀರಿನಲ್ಲಿ ಇಂಜಿನ್ ನಿಲ್ಲಿಸುವುದು ಸರಂಗುವಿಗೆ ಒಗ್ಗದ ಕೆಲಸ. ಆದರೂ ನನಗೆ ಸನ್ನೆ ಮಾಡಿದರು, ನಾನು ನಿಲ್ಲಿಸಿದೆ. ಅಷ್ಟು ವರ್ಷಗಳಲ್ಲಿ ನಾನು ಅಲ್ಲಿ ಕೇಳಿದ್ದೆಲ್ಲ ಇಂಜಿನ್ನೇ. ಅದು ನಿಂತಾಗ ಹಲಗೆಗೆ ನೀರು ತಾಗುವ ಸಣ್ಣ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನೆತ್ತಿಯ ಮೇಲಿನ ಬಿಸಿಲು ನೀರೊಳಗೆ ಕಡ್ಡಿ ಕಡ್ಡಿಯಾಗಿ ಇಳಿದು, ಬಹಳ ಕೆಳಗೆ ಎಲ್ಲೋ ಒಂದಾಗುವಂತೆ ಕಾಣುತ್ತಿತ್ತು. ಅವ್ವ ಅಂಚಿಗೆ ಗಲ್ಲ ಊರಿ ನೋಡುತ್ತಿದ್ದಳು. ನಾನು ಪಕ್ಕ ಕೂತೆ.

"ಬುಡಾನೇ ಇಲ್ಲಲ್ಲೋ ತಮ್ಮಾ" ಅಂದಳು. ಆಮೇಲೆ, ನನ್ನ ಕಡೆ ತಿರುಗದೆಯೇ, "ಅದು ಮ್ಯಾಲ ಬರೂ ಮುಂದ ನಿನ್ನ ಮಾರಿ ನೋಡಿದೆ. ಸಣ್ಣವನಿದ್ದಾಗ ನಮ್ಮ ಅಂಗಡಿ ಮುಂದ ಗಾಡಿ ಬಂದ್ರ ಹಿಂಗ ನೋಡ್ತಿದ್ದಿ" ಅಂದಳು.

"ಬಿಡು ಅಂದ್ರ ಬಿಡ್ತೀನಿ, ಅವ್ವ."

"ನಾ ಬಿಡು ಅನ್ನಂಗಿಲ್ಲ. ನಾ ಹೇಳಿದೆ ಅಂತ ಬಿಟ್ರ ನೀ ಅಲ್ಲಿ ಬಂದು ಕುಂತ್ರೂ ಮನಿಯಾಗ ಇರಂಗಿಲ್ಲ. ಆದ್ರ ಜೀವ ಹೋಗೂ ಮುಂದ ಅದಕ್ಕ ಹನಿ ನೀರು ಬಿಡು. ಮತ್ತ ಸುಳ್ಳ ಹೇಳಬ್ಯಾಡ."

ಮರುದಿನ ಅವಳನ್ನು ಸಿಕಂದರಾಬಾದಿನವರೆಗೆ ಬಿಟ್ಟು, ಸೇಡಂ ರೈಲು ಹತ್ತಿಸಿ ಬಂದೆ. ಮನೆಯಲ್ಲಿ ಅವಳು ಮಗನ ಊರು ನೋಡಿ ಬಂದೆ ಎಂದಷ್ಟೇ ಹೇಳಿದಳು. ಅಣ್ಣನಿಗೆ ನಾನೇ ಫೋನಿನಲ್ಲಿ ನಿಜ ಹೇಳಿದೆ. ಅವನು ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವ್ವ ಮಾತ್ರ ದಿನಾ ಸಂಜೆ, ನಾನು ದಡಕ್ಕೆ ಬರುವ ಹೊತ್ತು ಲೆಕ್ಕ ಹಾಕಿ ಫೋನ್ ಮಾಡತೊಡಗಿದಳು. ಊಟ, ಆರೋಗ್ಯದ ಮಾತು ಆಮೇಲೆ. ಮೊದಲ ಪ್ರಶ್ನೆ ಒಂದೇ: ಇವತ್ತು ನೀರು ಯಾವ ಬಣ್ಣ ಇತ್ತು? ಮೊದಮೊದಲು ನೀಲಿ ಎಂದು ಮುಗಿಸುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ. ಎಂಥಾ ನೀಲಿ, ನಾವು ಹೋದಾಗಿನಂಥದಾ, ಅದಕ್ಕಿಂತ ಕಪ್ಪಾ, ಗೆರೆ ಎಷ್ಟು ದೂರಕ್ಕೆ ಸಿಕ್ಕಿತು? ಅವಳಿಗೆ ಹೇಳಬೇಕಲ್ಲ ಎಂದೇ ನಾನು ನೀರನ್ನು ಸರಿಯಾಗಿ ನೋಡಲು ಕಲಿತೆ. ನೇರಳೆಯ ಛಾಯೆ ಇರುವ ದಿನಗಳಿದ್ದವು, ಮೋಡ ಕವಿದಾಗ ಫರ್ಸಿಯಂತೆ ಕಾಣುವ ದಿನಗಳಿದ್ದವು. ಮೀನು ಸಿಕ್ಕಿತೋ ಎಂದು ಅವಳು ಎಂದೂ ಕೇಳಲಿಲ್ಲ. ಸಿಕ್ಕ ದಿನ ನಾನೇ, ನೀರು ಬಿಟ್ಟೆ ಅವ್ವ, ಎನ್ನುತ್ತಿದ್ದೆ. ಹೂಂ ಅನ್ನುತ್ತಿದ್ದಳು.

ಮುಂದಿನ ಚಳಿಗಾಲ ಅವಳು ಕೇಳಿದಳು: ಇನ್ನೊಮ್ಮೆ ಕರ್ಕೊಂಡು ಹೋಗ್ತೀಯೇನು? ಬಾ ಎಂದೆ. ಆದರೆ ಗಿರಾಕಿಗಳು ಒಬ್ಬರ ಹಿಂದೆ ಒಬ್ಬರು ದೋಣಿ ಗೊತ್ತುಮಾಡಿದ್ದರು. ಸಂಕ್ರಾಂತಿ ಆಗಲಿ ಎಂದೆ. ಸಂಕ್ರಾಂತಿಯ ಮೇಲೆ ಗಾಳಿ ಎದ್ದಿತು. ಅದರ ಮುಂದಿನ ವರ್ಷ ಮತ್ತೆ ಕೇಳಿದಳು, ಆಗ ಇಂಜಿನ್ ಬಿಚ್ಚಿ ಹಾಕಿದ್ದೆ. ಬರುವ ತಿಂಗಳು ಎಂದೆ. ಅವಳು ಒತ್ತಾಯ ಮಾಡುವವಳಲ್ಲ. ಆಗಲಿ, ನಿನಗ ಯಾವಾಗ ಆಗ್ತದ ಆವಾಗ, ಎನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಬಳಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅದೇ ವರ್ಷ ದೀಪಾವಳಿಯ ಹಿಂದಿನ ವಾರ ಒಂದು ಸಂಜೆ ಫೋನ್ ಬರಲಿಲ್ಲ. ಕೆಲಸವಿದ್ದೀತು ಎಂದುಕೊಂಡೆ. ಅಂದು ಮಧ್ಯಾಹ್ನವೇ ಅಂಗಡಿಯ ಗಲ್ಲೆಯ ಮೇಲೆ ಕೂತಲ್ಲೇ ಅವಳ ಬಲಗೈ ಸೋತು ಬಿದ್ದಿತ್ತು. ಅಣ್ಣ ಕಲಬುರಗಿ ಆಸ್ಪತ್ರೆಗೆ ಒಯ್ದಿದ್ದ. ನಾನು ತಲುಪಿದಾಗ ಅವಳಿಗೆ ಎಚ್ಚರವಿತ್ತು, ಮಾತು ಹೋಗಿತ್ತು. ನನ್ನನ್ನು ನೋಡಿ ತುಟಿ ಆಡಿಸಿದಳು. ಎಲ್ಲರೂ ನೀರು ಕೇಳುತ್ತಿದ್ದಾಳೆ ಎಂದುಕೊಂಡರು, ವೈನಿ ಚಮಚದಲ್ಲಿ ನೀರು ತಂದಳು. ಅವ್ವ ಬಾಯಿ ತೆರೆಯಲಿಲ್ಲ, ನನ್ನನ್ನೇ ನೋಡಿದಳು. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಆ ವಾರ ಕಂಡ ನೀರಿನ ಬಣ್ಣ ಹೇಳಿದೆ. ನಾಲ್ಕು ದಿನದ್ದನ್ನೂ ಹೇಳಿದೆ, ಒಂದೊಂದಾಗಿ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಮೂರನೆಯ ದಿನ ಹೋದಳು. ಊರ ಹೊರಗಿನ ನಮ್ಮ ರುದ್ರಭೂಮಿಯಲ್ಲಿ, ಅಪ್ಪನ ಪಕ್ಕ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿದೆವು.

ನಾನು ಬಂದರಿಗೆ ವಾಪಸು ಹೋಗಿ ಇನ್ನೂ ಎರಡು ವರ್ಷ ದೋಣಿಯಲ್ಲಿದ್ದೆ. ನೀರು ಹಾಗೇ ಇತ್ತು, ಮೀನು ಹಾಗೇ ಏಳುತ್ತಿತ್ತು. ಸಂಜೆ ದಡಕ್ಕೆ ಬಂದು ಕೈ ತೊಳೆದ ಮೇಲೆ ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಮದುವೆಯಾಯಿತು. ಹೆಂಡತಿ ಚಿತ್ತಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅವಳ ಕೆಲಸ ಬಿಡಿಸಿ ಮೀನಿನ ಓಣಿಗೆ ಕರೆದೊಯ್ಯುವ ಮನಸ್ಸು ನನಗಿರಲಿಲ್ಲ. ಸರಂಗುವಿನ ಕಣ್ಣಿಗೆ ಪೊರೆ ಬಂದು ಅವರು ದೋಣಿಯನ್ನು ಬೇರೆಯವರಿಗೆ ಕೊಟ್ಟರು. ಹೊಸಬರು ನನ್ನನ್ನು ಇರು ಎಂದರು. ನಾನು ವಾಡಿಯ ಗಣಿಗೆ ಸೇರಿದೆ. ಇದನ್ನು ಯಾರ ಮೇಲೂ ಹಾಕುವಂತಿಲ್ಲ, ಯಾರೂ ಬಾ ಎಂದಿರಲಿಲ್ಲ. ಮಗಳು ಹುಟ್ಟಿದಳು. ಬದುಕು ಚೆನ್ನಾಗಿದೆ.

ಆದರೂ ಕೆಲವು ದಿನ ಬೆಳಿಗ್ಗೆ ಎದ್ದ ಕೂಡಲೇ ಗಾಳಿಯ ದಿಕ್ಕು ನೋಡುತ್ತೇನೆ, ಇಲ್ಲಿ ಅದರಿಂದ ಯಾವ ಉಪಯೋಗವೂ ಇಲ್ಲ. ಹೆಂಡತಿಗೆ ಇದು ಗೊತ್ತು. ಹೋದ ಚಳಿಗಾಲ ಅವಳೇ, "ಒಂದ್ಸಲ ಹೋಗಿ ಬರ್ರಿ. ಹಿಂಗ ಕುಂತಲ್ಲಿ ಕುಂತು ಎಲ್ಲೋ ನೋಡೂದು ನನಗ ನೋಡ್ಲಿಕ್ಕಾಗವಲ್ದು" ಅಂದಳು. ಸರಂಗುವಿಗೆ ಫೋನ್ ಮಾಡಿದೆ. ಕಣ್ಣಿನ ಆಪರೇಷನ್ ಆಗಿದೆ, ಹೊಸ ಒಡೆಯರಿಗೆ ಹೇಳಿ ಒಂದು ದಿನ ದೋಣಿ ಕೇಳುತ್ತೇನೆ, ನಾನೇ ನಡೆಸುತ್ತೇನೆ, ಬಾ ಎಂದರು. ಗಾಳ ಬೇಡ, ಬರೀ ಗೆರೆಯಾಚೆ ಹೋಗಿ ಇಂಜಿನ್ ನಿಲ್ಲಿಸಿ ಬರೋಣ ಎಂದೆ. ಅವರು ಕಾರಣ ಕೇಳಲಿಲ್ಲ.

ನಾಲ್ಕು ದಿನ ರಜೆ ಹಾಕಿ ಹೋದೆ. ನಾನು ಇಳಿದ ದಿನವೇ ಗಾಳಿ ಬಿಡತೊಡಗಿತು. ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಯಾರೂ ಸಮುದ್ರಕ್ಕಿಳಿಯಬಾರದು ಎಂದು ಬಂದರಿನಲ್ಲಿ ಸಾರಿದರು. ದೋಣಿಗಳನ್ನೆಲ್ಲ ಕಾಲುವೆಯೊಳಗೆ ಒಂದಕ್ಕೊಂದು ಹಗ್ಗ ಬಿಗಿದು ನಿಲ್ಲಿಸಿದ್ದರು. ಮೊದಲ ದಿನ ಸರಂಗು ನಾಳೆ ಇಳಿಯುತ್ತದೆ ಎಂದರು. ಎರಡನೆಯ ದಿನವೂ ಇಳಿಯಲಿಲ್ಲ. ನಾವಿಬ್ಬರೂ ಅಳಿವೆಯ ಕಡೆ ನಡೆದು ಹೋಗಿ, ಕಂದು ಅಲೆಗಳು ಹೂಳಿನ ದಿಬ್ಬಕ್ಕೆ ಒಡೆಯುವುದನ್ನು ನೋಡುತ್ತ ನಿಂತೆವು. ಅವರ ಹೊಸ ಕಣ್ಣಿಗೆ ದೂರದ್ದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತಂತೆ. ಇಷ್ಟು ವರ್ಷದಲ್ಲಿ ನನ್ನ ದೋಣಿಯಲ್ಲಿ ನೂರಾರು ಜನ ಕೂತಿದ್ದಾರೆ, ಇಂಜಿನ್ ನಿಲ್ಲಿಸು ಎಂದು ಕೇಳಿದವರು ನಿನ್ನ ಅಮ್ಮ ಒಬ್ಬರೇ ಎಂದರು. ನಾನು ಹೌದೆಂದೆ. ಮೂರನೆಯ ದಿನ ಮಳೆ ಬಂತು. ನಾಲ್ಕನೆಯ ದಿನ ನಾನು ಹೊರಡಲೇಬೇಕಿತ್ತು.

ಸಿಕಂದರಾಬಾದಿನಿಂದ ವಾಡಿ ಕಡೆಯ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರಿಗೆ ಚಿತ್ತಾಪುರಕ್ಕೆ ಹೋಗುವ ವಯಸ್ಸಾದ ದಂಪತಿ ಕೂತಿದ್ದರು. ತಾಂಡೂರು ದಾಟಿದ ಮೇಲೆ ಆ ಹೆಂಗಸು ಬುತ್ತಿ ಬಿಚ್ಚಿ ನನಗೂ ಅರ್ಧ ರೊಟ್ಟಿ ಕೊಟ್ಟರು, ಎಲ್ಲಿಗೆ ಹೋಗಿದ್ದೆ ಎಂದು ವಿಚಾರಿಸಿದರು. ಮಚಲಿಪಟ್ಟಣಕ್ಕೆ ಎಂದೆ.

"ಹೌದೇನ್ರಿ? ಅಲ್ಲಿ ಸಮುದ್ರ ಅದ ಅಂತಾರಲ್ಲ. ನೋಡಿದ್ರೇನು?"

"ಇಲ್ರಿ" ಅಂದೆ. "ದಂಡಿ ಅಷ್ಟ ನೋಡಿ ಬಂದೆ."

ಅವರು ತಲೆಯಾಡಿಸಿ, ಇನ್ನೊಂದು ಚೂರು ಹಿಂಡಿ ಹಾಕಿದರು. ಸೇಡಂ ಬಂತು, ರೈಲು ಎರಡು ನಿಮಿಷ ನಿಂತು ಹೊರಟಿತು.